ಮೋತಿಗೊಂದು ಗೂಡು: ದೀವಳಿಗೆವರೆಗಿನ ದಿನಚರಿ

ಸೆಪ್ಟೆಂಬರ್ 9, 2025

ಹೋದ ವರ್ಷ ದೀವಳಿಗೆ ಅಮಾವಾಸ್ಯೆಯ ರಾತ್ರಿ ನಮ್ಮ ನಾಯಿ ಮೋತಿ ಮನೆ ಬಿಟ್ಟು ಓಡಿದ. ಓಣಿಯಲ್ಲಿ ಸುತಳಿ ಬಾಂಬ್ ಸಿಡಿಯಿತು, ಅದೇ ಹೊತ್ತಿಗೆ ಯಾರೋ ಗೇಟ್ ತೆಗೆದರು, ಅಷ್ಟೇ. ಎರಡು ದಿನ ಕಲಬುರಗಿಯ ಅರ್ಧ ಊರು ಹುಡುಕಿದೆವು. ಮೂರನೇ ದಿನ ಅಪ್ಪನ ಕೆರೆ ಹತ್ತಿರ ಒಬ್ಬ ಆಟೋದವರಿಗೆ ಸಿಕ್ಕ. ಮುಂಗಾಲಿನ ಚರ್ಮ ಸುಲಿದಿತ್ತು. ಅವತ್ತಿನಿಂದ ಅವನು ಕತ್ತಲಾದ ಮೇಲೆ ಮಾಳಿಗೆ ಹತ್ತಿಲ್ಲ.

ನನಗೆ ಈ ಕಾಲದ ಸಂಜೆ ಅಂದರೆ ಜೀವ. ಬೇಸಿಗೆಯಲ್ಲಿ ನಮ್ಮ ಮಾಳಿಗೆ ರಾತ್ರಿ ಒಂಬತ್ತಕ್ಕೂ ಹಂಚಿನಂತೆ ಕಾದಿರುತ್ತದೆ. ಮಳೆ ಮುಗಿದ ಮೇಲೆ ಎಲ್ಲ ಬದಲಾಗುತ್ತದೆ. ಜೂನ್‌ನಲ್ಲಿ ಏಳರ ತನಕ ಇರುವ ಸೂರ್ಯ, ಅಕ್ಟೋಬರ್ ಮೂರನೇ ವಾರಕ್ಕೆ ಆರರ ಒಳಗೇ ಮುಳುಗುತ್ತಾನೆ. ತಣ್ಣಗಿನ ಗಾಳಿ, ಕೈಯಲ್ಲಿ ಚಹಾ, ಕಾಲಿನ ಮೇಲೆ ಮೋತಿಯ ತಲೆ. ಐದು ವರ್ಷ ಹಾಗೇ ಕಳೆದಿದ್ದೆವು. ಈಗ ನಾನೊಬ್ಬನೇ ಕೂರುತ್ತೇನೆ. ಅವನು ಮೊದಲ ಮೆಟ್ಟಿಲ ಹತ್ತಿರ ನಿಂತು ನೋಡುತ್ತಾನೆ.

ಈ ಸಲ ಗಣಪತಿ ಕಳಿಸುವಾಗ ಪಟಾಕಿ ಹೊಡೆದರು. ಬಚ್ಚಲಲ್ಲಿ ಹಂಡೆಯ ಹಿಂದೆ ಸೇರಿಕೊಂಡವನು ನಾಲ್ಕು ಗಂಟೆ ಹೊರಗೆ ಬರಲಿಲ್ಲ. ದೀವಳಿಗೆಗೆ ಇನ್ನು ಆರು ವಾರ ಇದೆ. ಅವನ ಅಂಜಿಕೆ ಕಡಿಮೆ ಮಾಡುವ ತಯಾರಿ ಇವತ್ತಿಂದ ಶುರು ಮಾಡುತ್ತಿದ್ದೇನೆ.

ಸೆಪ್ಟೆಂಬರ್ 13

ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಬೀದರ್‌ನಲ್ಲಿ ಪಶುವೈದ್ಯಕೀಯ ಓದಿದವರು, ಸಮಾಧಾನದಿಂದ ಮಾತಾಡುತ್ತಾರೆ. ಹೋದ ವರ್ಷ ಒಂದು ಔಷಧಿ ಅಂಗಡಿಯವರು ಮನುಷ್ಯರ ನಿದ್ದೆ ಗುಳಿಗೆ ಅರ್ಧ ಕೊಡಿ ಅಂದಿದ್ದರು. ಅದನ್ನು ಹೇಳಿದ್ದಕ್ಕೆ ಡಾಕ್ಟರ್ ಮುಖ ಗಂಭೀರವಾಯಿತು. ಮನುಷ್ಯರ ಗುಳಿಗೆ ಅಂದಾಜಿನ ಮೇಲೆ ಕೊಟ್ಟರೆ ಜೀವಕ್ಕೇ ಅಪಾಯ. ಇನ್ನು ಕೆಲವು ಔಷಧಿಗಳಿಂದ ಮೈ ಮಾತ್ರ ಸೋಲುತ್ತದೆ. ನಾಯಿ ಸುಮ್ಮನೆ ಮಲಗಿದಂತೆ ಕಾಣುತ್ತದೆ, ಒಳಗಿನ ಅಂಜಿಕೆ ಹಾಗೇ ಇರುತ್ತದೆ, ಓಡಲಿಕ್ಕೂ ಆಗುವುದಿಲ್ಲ. ಇದನ್ನು ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅಂಜಿಕೆಯನ್ನೇ ಕಡಿಮೆ ಮಾಡುವ ಔಷಧಿಗಳೂ ಇವೆಯಂತೆ. ಬೇಕಾದರೆ ಕೊಡುತ್ತೇನೆ, ಆದರೆ ಹಬ್ಬಕ್ಕೆ ಮುಂಚೆ ಒಂದು ಸಾದಾ ಸಂಜೆ ಕೊಟ್ಟು ನೋಡಬೇಕು ಅಂದರು. ಮೊದಲು ಅವನು ಅಡಗಲಿಕ್ಕೆ ಒಂದು ಗೂಡು, ಆಮೇಲೆ ಸದ್ದಿನ ಅಭ್ಯಾಸ. ಹಾಗೆ ಅಂತ ತೀರ್ಮಾನವಾಯಿತು.

ಇನ್ನೊಂದು ಮಾತು ಕೇಳಿ ನನ್ನ ಮನಸ್ಸು ಹಗುರಾಯಿತು. ಅಂಜಿದ ನಾಯಿಯನ್ನು ಅಪ್ಪಿಕೊಂಡರೆ ಅಂಜಿಕೆ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಹಾಗೇನಿಲ್ಲವಂತೆ. ಅವನಾಗಿ ಹತ್ತಿರ ಬಂದರೆ ಧಾರಾಳವಾಗಿ ತಬ್ಬಿಕೊಳ್ಳಿ ಅಂದರು.

ಸೆಪ್ಟೆಂಬರ್ 16

ಗೂಡು ತಯಾರು. ನಡುಮನೆಯ ಒಳಗಿನ ಕೋಣೆ, ರಸ್ತೆಯಿಂದ ದೂರ, ಒಂದೇ ಸಣ್ಣ ಕಿಟಕಿ. ತೊಂದರೆ ಅಂದರೆ ನೆಲಕ್ಕೆಲ್ಲ ಶಹಾಬಾದ್ ಕಲ್ಲು. ಚಪ್ಪಾಳೆ ಹೊಡೆದರೆ ಕೋಣೆ ತುಂಬ ಕೇಳಿಸುತ್ತದೆ. ಕಲ್ಲು ಸದ್ದನ್ನು ನುಂಗುವುದಿಲ್ಲ, ವಾಪಸ್ ಕಳಿಸುತ್ತದೆ. ಅದಕ್ಕೆ ನೆಲಕ್ಕೆ ನಾಲ್ಕು ಪದರ ಗೋಣಿ ತಟ್ಟು ಹಾಸಿದೆ. ಕಿಟಕಿಗೆ ಒಂದು ಕೌದಿ. ಅಜ್ಜಿಯ ಹಳೇ ಹೊರಸಿನ (ಹಗ್ಗದ ಮಂಚದ) ಮೇಲೆ ಎರಡು ಕೌದಿ ಹೊದಿಸಿ, ಮೂರು ಕಡೆ ನೆಲದವರೆಗೆ ಇಳಿಬಿಟ್ಟೆ. ನಾಲ್ಕನೇ ಕಡೆ ಬಾಗಿಲು. ಈಗ ಚಪ್ಪಾಳೆ ಹೊಡೆದರೆ ಸದ್ದು ಮಂದ.

ಈ ಕೌದಿಗಳನ್ನು ಅಜ್ಜಿ ಹೊಲಿದದ್ದು. ಹಳೇ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಅಂಗಿ, ಎಲ್ಲ ಅದರೊಳಗೆ ಇವೆ. ಮೋತಿ ಒಳಗೆ ಹೋಗಿ ಎರಡು ಸುತ್ತು ಹಾಕಿದ. ಒಂದು ಮೂಲೆಯನ್ನು ತುಂಬ ಹೊತ್ತು ಮೂಸಿದ. ಆಮೇಲೆ ಧೊಪ್ಪಂತ ಬಿದ್ದು ಮಲಗಿದ.

ದಿನಾ ಒಂದು ಊಟ ಅಲ್ಲೇ ಕೊಡುತ್ತೇನೆ. ಬಾಗಿಲು ಮುಚ್ಚುವುದಿಲ್ಲ. ತಾನಾಗಿ ಹೋಗಬೇಕು, ತಾನಾಗಿ ಬರಬೇಕು. ಕೂಡಿಹಾಕಿದರೆ ಅದು ಗೂಡಲ್ಲ, ಜೈಲು.

ಸೆಪ್ಟೆಂಬರ್ 18

ಕೂಲರ್! ಬೇಸಿಗೆ ಮುಗಿದ ಮೇಲೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೆವು. ನಮ್ಮದು ಹಳೇ ತಗಡಿನ ಕೂಲರ್, ಹಚ್ಚಿದರೆ ಪಕ್ಕದವರ ಮಾತೂ ಕೇಳುವುದಿಲ್ಲ. ನೀರು ಹಾಕದೆ ಬರೀ ಫ್ಯಾನ್ ಹಚ್ಚಿ, ಮುಖ ಗೋಡೆ ಕಡೆ ತಿರುಗಿಸಿದೆ. ಏಪ್ರಿಲ್, ಮೇ ಪೂರ್ತಿ ಮೋತಿ ಇದರ ಮುಂದೆಯೇ ಮಲಗುವುದು. ಆ ಗುಂಯ್ ಸದ್ದು ಅವನಿಗೆ ನಿದ್ದೆಯ ಸದ್ದು.

"ಏನೋ ಇದು, ಚಳಿ ಬರ್ಲತ್ತದ, ಈಗ ಕೂಲರ್ ಹಚ್ಚಿದಿ?" ಅಂತ ಅವ್ವ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ನೋಡಿ, ತಾನೇ ಇನ್ನೊಂದು ಕೌದಿ ತಂದುಕೊಟ್ಟಳು.

ಪಟಾಕಿ ದಿನ ಮಾತ್ರ ಹಚ್ಚಿದರೆ ಕೂಲರ್ ಸದ್ದೇ ಅವನಿಗೆ ಅಂಜಿಕೆಯ ಗುರುತಾಗುತ್ತದೆ. ಅದಕ್ಕೆ ದಿನಾ ಸಂಜೆ ಅರ್ಧ ಗಂಟೆ ಹಚ್ಚುತ್ತೇನೆ.

ಸೆಪ್ಟೆಂಬರ್ 21

ಸದ್ದಿನ ಅಭ್ಯಾಸ ಐದು ದಿನದಿಂದ ನಡೆದಿದೆ. ಫೋನಿನಲ್ಲಿ ಪಟಾಕಿ ಸದ್ದು, ವಾಲ್ಯೂಮ್ ಒಂದೇ ಗೆರೆ. ನನಗೆ ಕೇಳಿಸಿಯೂ ಕೇಳಿಸದಷ್ಟು. ನಾಯಿಗೆ ಅಷ್ಟು ಸಾಕು. ಮನುಷ್ಯರ ಕಿವಿ 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದು ಸುಮಾರು 45,000ದವರೆಗೆ ಹೋಗುತ್ತದೆ. ಬೆಕ್ಕಿನದು ಇನ್ನೂ ಮೇಲೆ.

ಒಂದು ಢಬ್, ಕೂಡಲೇ ಬೇಯಿಸಿದ ಕೋಳಿ ಲಿವರ್‌ನ ಒಂದು ಚೂರು, ಕಡಲೆಕಾಳಿನಷ್ಟು. ಮೊದಲು ಸದ್ದು, ಆಮೇಲೆ ಲಿವರ್. ಈ ಕ್ರಮ ತಪ್ಪಬಾರದು. ಉಲ್ಟಾ ಆದರೆ ಲಿವರ್ ಕಂಡಾಗಲೇ ಅಂಜುವುದನ್ನು ಕಲಿಯುತ್ತಾನೆ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಲಿವರ್ ಬೇರೆ ಯಾವ ಹೊತ್ತಿಗೂ ಇಲ್ಲ.

ಸೆಪ್ಟೆಂಬರ್ 28

ತಪ್ಪು ಮಾಡಿದೆ. ನಾಲ್ಕನೇ ಗೆರೆಗೆ ಚೆನ್ನಾಗಿದ್ದ, ಆಸೆಯಾಗಿ ಒಮ್ಮೆಲೇ ಏಳಕ್ಕೆ ಏರಿಸಿದೆ. ಕಿವಿ ಹಿಂದಕ್ಕೆ ಹೋಯಿತು, ತುಟಿ ನೆಕ್ಕಿಕೊಂಡ, ಲಿವರ್ ಬಾಯಿಗೆ ತಗೊಂಡು ಕೆಳಗೆ ಬಿಟ್ಟ. ಎದ್ದು ಬಚ್ಚಲಿಗೆ ಹೋದ. ಎರಡು ದಿನ ಫೋನ್ ಕೈಗೆ ತಗೊಂಡರೆ ಸಾಕು, ಕೋಣೆ ಬಿಟ್ಟು ಹೊರಡುತ್ತಿದ್ದ. ಮತ್ತೆ ಒಂದನೇ ಗೆರೆಯಿಂದ ಶುರು. ತಿನ್ನುವುದನ್ನು ಬಿಟ್ಟ ಅಂದರೆ ನಾವು ಅವಸರ ಮಾಡಿದ್ದೇವೆ ಅಂತಲೇ ಅರ್ಥ.

ಅಕ್ಟೋಬರ್ 2

ದಸರಾ. ಬನ್ನಿ ಕೊಡಲು ಮನೆಮನೆಗೆ ಹೋದಾಗ ಓಣಿಯ ಹುಡುಗರ ಜೊತೆ ಮಾತಾಡಿದೆ. ಪಟಾಕಿ ಹೊಡಿಯಬೇಡಿ ಅನ್ನಲಿಲ್ಲ. ಮಕ್ಕಳ ಹಬ್ಬ ಅದು, ನಾನೂ ಹೊಡೆದವನೇ. ಮೋತಿ ಓಡಿಹೋದದ್ದು ಅವರಿಗೂ ನೆನಪಿತ್ತು. ದೀವಳಿಗೆಗೆ ರಾತ್ರಿ 8ರಿಂದ 10 ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ತಿಳಿಸಿದೆ. ಸುತಳಿ ಬಾಂಬ್ ಎಲ್ಲ ಓಣಿಯ ಕೊನೆಯ ಬಯಲಿನಲ್ಲಿ ಹಚ್ಚಲು ಒಪ್ಪಿದರು. ಅವರಲ್ಲೇ ಸಣ್ಣವನು, "ಅಣ್ಣಾ, ಹಚ್ಚೂಕ ಮದ್ಲ ನಾ ಒದರ್ತೀನಿ, ನೀವು ಮೋತಿಗೆ ಒಳಗ ಒಯ್ರಿ" ಅಂದ. ಇಷ್ಟು ಒಳ್ಳೆಯ ಉಪಾಯ ನನಗೆ ಹೊಳೆದಿರಲಿಲ್ಲ.

ಅಕ್ಟೋಬರ್ 12

ಫೋನಿನ ಸ್ಪೀಕರ್‌ನಲ್ಲಿ ಬಾಂಬಿನ ಆ ದಪ್ಪ 'ಧಮ್' ಬರುವುದೇ ಇಲ್ಲ, ಬರೀ ಚಟಪಟ. ಗೆಳೆಯನ ದೊಡ್ಡ ಸ್ಪೀಕರ್ ತಂದೆ. ಅದಕ್ಕೆ ಮತ್ತೆ ಕೆಳಗಿನಿಂದ ಏರಬೇಕಾಯಿತು. ಆದರೂ ಮಿಂಚು, ವಾಸನೆ, ನೆಲದ ಅದುರು, ಇವು ಯಾವ ಸ್ಪೀಕರ್‌ನಲ್ಲೂ ಇರುವುದಿಲ್ಲ. ಇದರ ಮೇಲೆ ಪೂರ್ತಿ ನಂಬಿಕೆ ಇಡುವಂತಿಲ್ಲ.

ಬೆಕ್ಕು ಸೋನಿಗೆ ಏನೂ ಕಲಿಸಲು ಹೋಗಿಲ್ಲ. ಅಲಮಾರಿ ಮೇಲೆ ಒಂದು ರಟ್ಟಿನ ಡಬ್ಬಿ, ಒಳಗೆ ನನ್ನ ಹಳೇ ಸ್ವೆಟರ್. ಅಡಗಿದಾಗ ಎಳೆಯಬಾರದು, ಅಷ್ಟೇ.

ಮೋತಿಯ ಬೆಲ್ಟ್ ಮೇಲೆ ಫೋನ್ ನಂಬರ್ ಬರೆದೆ. ರಾತ್ರಿ ಆಕಾಶಬುಟ್ಟಿ ಕಟ್ಟುತ್ತ ಕುಳಿತೆ. ಚೌಕಟ್ಟಿಗೆ ಹೋದ ವರ್ಷದ ಒಣ ತೊಗರಿ ಕಟ್ಟಿಗೆ, ನೆಟ್ಟಗೆ, ಹಗುರ. ಹಳದಿ ಕಾಗದ ಅಂಟಿಸಿದೆ.

ಅಕ್ಟೋಬರ್ 20, ನರಕ ಚತುರ್ದಶಿ

ಸಂಜೆಗೆ ಎಲ್ಲ ತಯಾರಿ ಮಾಡಿದ್ದೆ. ಮೊದಲ ಪಟಾಕಿ ಸಿಡಿದದ್ದು ಬೆಳಗಿನ ಜಾವ ಐದಕ್ಕೆ! ಎಣ್ಣೆ ಹಚ್ಚಿ ಎರೆದುಕೊಂಡ ಮಕ್ಕಳು ಕತ್ತಲಲ್ಲೇ ಪಟಾಕಿ ಹಚ್ಚುವುದು ಎಲ್ಲ ಕಡೆ ಇದೆ, ನನಗೇ ಮರೆತುಹೋಗಿತ್ತು. ಲಿವರ್ ಫ್ರಿಜ್‌ನಲ್ಲಿ, ಕೂಲರ್ ಬಂದ್. ಓಡಿಬಂದು ನೋಡಿದರೆ ಮೋತಿ ಬಚ್ಚಲಲ್ಲಿ ಇರಲಿಲ್ಲ. ಹೊರಸಿನ ಕೆಳಗಿದ್ದ. ನಡುಗುತ್ತಿದ್ದ, ಆದರೆ ತಾನಾಗಿ ಅಲ್ಲಿಗೆ ಹೋಗಿದ್ದ. ನೆಲದ ಮೇಲೆ ಮಲಗಿ ಕೌದಿಯೊಳಗೆ ಕೈ ಚಾಚಿದೆ. ಅಂಗೈ ಮೇಲೆ ಗದ್ದ ಇಟ್ಟ.

ಸಂಜೆ ನಾಲ್ಕೂವರೆಗೆ ದೂರ ವಾಕಿಂಗ್, ಬೆಲ್ಟಿಗೊಂದು ಹಗ್ಗ, ಎದೆಪಟ್ಟಿಗೊಂದು ಹಗ್ಗ. ಐದೂವರೆಗೆ ಹೊಟ್ಟೆ ತುಂಬ ರೊಟ್ಟಿ, ಮೊಸರು, ಮೊಟ್ಟೆ. ಆರಕ್ಕೆ ಕಿಟಕಿ ಬಂದ್, ಕೂಲರ್ ಚಾಲು.

ಅಕ್ಟೋಬರ್ 21, ಅಮಾವಾಸ್ಯೆ

ಪೂಜೆ ಮುಗಿಯುವ ಹೊತ್ತಿಗೆ ಹೊರಗೆ ಹುಡುಗನ ಕೂಗು: "ಅಣ್ಣಾ, ಹಚ್ಚಲತ್ತೀವೀ!" ನಾನು ಮೋತಿಯನ್ನು ಕರೆದುಕೊಂಡು ಒಳಗೆ ಹೋದೆ. ಪ್ರತಿ ಸದ್ದಿಗೂ ಒಂದು ಚೂರು. ಅರ್ಧ ಕೆಜಿ ಲಿವರ್ ಖಾಲಿಯಾಯಿತು. ದೊಡ್ಡ ಧಮಾಕೆಗೆ ಮೈ ಬಿಗಿಯುತ್ತಿತ್ತು, ಆದರೂ ತಿಂದ. ಹೋದ ವರ್ಷ ನೀರೂ ಮುಟ್ಟಿರಲಿಲ್ಲ. ಡಾಕ್ಟರ್ ಕೊಟ್ಟ ಗುಳಿಗೆ ಹೋದ ವಾರ ಒಂದು ಸಂಜೆ ಕೊಟ್ಟು ನೋಡಿದ್ದೆ. ಇವತ್ತೂ ಅವರು ಹೇಳಿದಷ್ಟೇ ಕೊಟ್ಟೆ. ಅದರ ಪಾಲೂ ಇದರಲ್ಲಿದೆ.

ಹತ್ತರ ಮೇಲೂ ಹಿಂದಿನ ಓಣಿಯಲ್ಲಿ ಹೊಡೆಯುತ್ತಲೇ ಇದ್ದರು. ಬೇಜಾರಾಯಿತು. ಹನ್ನೆರಡರ ತನಕ ತಟ್ಟಿನ ಮೇಲೆ ಅವನ ಪಕ್ಕದಲ್ಲೇ ಮಲಗಿದ್ದೆ.

ಅಕ್ಟೋಬರ್ 22, ಪಾಡ್ಯ

ಅವ್ವ ಬಾಗಿಲಲ್ಲಿ ಸಗಣಿಯ ಪಾಂಡವರನ್ನು ಇಟ್ಟಳು. ಮೋತಿ ಎಲ್ಲರನ್ನೂ ಮೂಸಿ ನೋಡಿದ. ಸಂಜೆ ಹುಡುಗ ಕೂಗಿದಾಗ ನಾನು ಅಡುಗೆಮನೆಯಲ್ಲಿದ್ದೆ. ಬರುವಷ್ಟರಲ್ಲಿ ಮೋತಿ ಆಗಲೇ ಹೊರಸಿನ ಕೆಳಗೆ ಹೋಗಿ, ಮುಖ ಹೊರಗೆ ಹಾಕಿ, ಫ್ರಿಜ್ ಕಡೆ ನೋಡುತ್ತಿದ್ದ.

ನವೆಂಬರ್ 2, ತುಳಸಿ ಲಗ್ನ

ಲಗ್ನಕ್ಕೆ ನಾಲ್ಕು ಪಟಾಕಿ ಹೊಡೆದರು, ಬೇಗ ಮುಗಿಯಿತು. ಎಂಟಕ್ಕೆ ಚಹಾ ತಗೊಂಡು ಮಾಳಿಗೆ ಹತ್ತಿದೆ. ಮೂಡಲಲ್ಲಿ ಕೃತ್ತಿಕೆ ಸಣ್ಣ ಗೊಂಚಲಿನಂತೆ ಮೇಲೆ ಬಂದಿತ್ತು. ಚಂದ್ರನ ಬೆಳಕು ಜಾಸ್ತಿ, ಕಣ್ಣು ಕಿರಿದು ಮಾಡಿ ನೋಡಬೇಕು. ಚಂದ್ರನ ಹತ್ತಿರವೇ ಶನಿ. ಕಂಬದಲ್ಲಿ ಆಕಾಶಬುಟ್ಟಿ ಮೆಲ್ಲಗೆ ತಿರುಗುತ್ತಿತ್ತು.

ನಮ್ಮ ಮೆಟ್ಟಿಲು ಹದಿನಾಲ್ಕು. ಉಗುರಿನ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ, ಕರೆಯಲೂ ಇಲ್ಲ, ಸುಮ್ನೆ ಎಣಿಸಿದೆ. ಒಂಬತ್ತನೇ ಮೆಟ್ಟಿಲಿಗೆ ನಿಂತಿತು. ದೂರ ಸೇಡಂ ರಸ್ತೆ ಕಡೆ ಎಲ್ಲೋ ಒಂದು ಢಬ್. ಇಳಿದುಹೋದ ಅಂದುಕೊಂಡೆ. ಇಳಿಯಲಿಲ್ಲ. ಒಂಬತ್ತನೇ ಮೆಟ್ಟಿಲ ಮೇಲೆಯೇ ಕುಳಿತಿದ್ದ, ಲಿವರ್ ಎಲ್ಲಿ ಅನ್ನುವ ಹಾಗೆ ನನ್ನ ಕೈ ನೋಡುತ್ತ. ಜೇಬಿನಲ್ಲಿ ಒಂದು ಚೂರು ಇತ್ತು. ಕೆಳಗೆ ಹೋಗಿ ಅದೇ ಮೆಟ್ಟಿಲ ಮೇಲೆ ಅವನ ಪಕ್ಕ ಕುಳಿತು ಚಹಾ ಮುಗಿಸಿದೆ.