ಕೂಳೂರು ದಾಟುವ ಬಸ್ಸಿನಲ್ಲಿ ಸರಾಸರಿ ಎಷ್ಟು ಜನ? ಲೆಕ್ಕದ ಎರಡನೆಯ ಹಂತ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್ಲಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಸರಾಸರಿ ಎಷ್ಟು ಜನರಿರುತ್ತಾರೆ ಎಂದು ತಿಳಿಯಲು, ಆ ದಾರಿಯಲ್ಲಿ ದಿನವೂ ಓಡಾಡುವ ಪರಿಚಯದವರು ಕೂಳೂರು ಸೇತುವೆ ಬಂದಾಗ ತಮ್ಮನ್ನೂ ಸೇರಿಸಿ ತಲೆ ಎಣಿಸಿ ನನಗೆ ಸಂಖ್ಯೆ ಕಳುಹಿಸುತ್ತಿದ್ದಾರೆ. ಸಂಗ್ರಹ ನಡೆದಿದೆ, ಈಗಿನ ಕೆಲಸ ಅದಕ್ಕೆ ತೂಕ ಹಾಕುವುದು, ಅಂದರೆ ಸರಾಸರಿಯಲ್ಲಿ ಯಾವ ಸಂಖ್ಯೆಗೆ ಎಷ್ಟು ಪ್ರಾಮುಖ್ಯ ಎಂದು ನಿರ್ಧರಿಸುವುದು.

ಬಂದ ಸಂಖ್ಯೆಗಳನ್ನು ಹಾಗೆಯೇ ಕೂಡಿಸಿ ಭಾಗಿಸುವಂತಿಲ್ಲ, ಏಕೆಂದರೆ ಕಿಕ್ಕಿರಿದ ಬಸ್ಸಿನಲ್ಲಿ ಜನ ಹೆಚ್ಚಿರುವುದರಿಂದಲೇ ಅದರ ವರದಿ ಬರುವ ಸಂಭವವೂ ಹೆಚ್ಚು. ಒಂದು ಬಸ್ಸಿನಲ್ಲಿ 10, ಇನ್ನೊಂದರಲ್ಲಿ 50 ಜನರಿದ್ದರೆ ನಿಜವಾದ ಸರಾಸರಿ 30. ಆದರೆ ಆ 60 ಮಂದಿಯನ್ನೂ ಕೇಳಿ ಉತ್ತರಗಳ ಸರಾಸರಿ ತೆಗೆದರೆ ಅದು 43ನ್ನು ದಾಟುತ್ತದೆ. ಪ್ರತಿ ಉತ್ತರಕ್ಕೂ ಅದರ ವಿಲೋಮವನ್ನು, ಅಂದರೆ 1/10 ಅಥವಾ 1/50ನ್ನು, ತೂಕವಾಗಿ ಕೊಟ್ಟಾಗ ತೂಕಗಳ ಮೊತ್ತ 2 ಆಗುತ್ತದೆ. ಪ್ರತಿ ಉತ್ತರವನ್ನು ಅದರ ತೂಕದಿಂದ ಗುಣಿಸಿದರೆ 1 ಬರುವುದರಿಂದ ಅವುಗಳ ಮೊತ್ತ 60; ಅದನ್ನು 2ರಿಂದ ಭಾಗಿಸಿದರೆ 30 ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ ಅವರ ಸೂತ್ರದಂತೆ, ತೂಕಗಳ ಮೊತ್ತದ ವರ್ಗವನ್ನು ತೂಕಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ, ಆ 60 ಉತ್ತರಗಳು ಸುಮಾರು 33 ಉತ್ತರಗಳಿಗಷ್ಟೇ ಸಮ.

ಆಯ್ಕೆಯ ಸಂಭವದ ವಿಲೋಮವನ್ನು ತೂಕವಾಗಿಸುವ ಅಂದಾಜನ್ನು ಸಂಖ್ಯಾಶಾಸ್ತ್ರಜ್ಞರಾದ ಹಾರ್ವಿಟ್ಸ್ ಮತ್ತು ಥಾಂಪ್ಸನ್ 1952ರಲ್ಲಿ ಪ್ರಕಟಿಸಿದರು. ಹೀಗೆ ಕೆಲವು ಸಂಖ್ಯೆಗಳು ಹೆಚ್ಚು ಸಲ ಆಯ್ಕೆಯಾಗುವ ವಿತರಣೆಗಳಿಗೆ, ಅಂದರೆ ತೂಕದ ವಿತರಣೆಗಳಿಗೆ, 1965ರಲ್ಲಿ ಸಾಮಾನ್ಯ ಚೌಕಟ್ಟು ಹಾಕಿಕೊಟ್ಟವರು ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಒಡಹುಟ್ಟಿದವರೆಷ್ಟು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ದೊಡ್ಡ ಕುಟುಂಬಗಳೇ ಹೆಚ್ಚು ಸಲ ಎಣಿಕೆಗೆ ಬರುತ್ತವೆ ಎಂಬ ಅವರ ಪ್ರಸಿದ್ಧ ಉದಾಹರಣೆಗೂ ನನ್ನ ಬಸ್ಸಿಗೂ ಗಣಿತ ಒಂದೇ.

ಎಣಿಕೆ ಎಷ್ಟು ನಂಬಲರ್ಹ ಎಂಬ ಅನುಮಾನ ನನಗೂ ಇತ್ತು. ಕಂಡಕ್ಟರ್ ತುಳುವಿನಲ್ಲಿ "ದುಂಬು ಪೋಲೆ" (ಮುಂದೆ ಹೋಗಿ) ಎನ್ನುತ್ತಾ ಎಲ್ಲರನ್ನೂ ಒಳಕ್ಕೆ ತಳ್ಳುತ್ತಿರುವಾಗ, ಒಂದು ಕೈಯಲ್ಲಿ ಸರಳು ಹಿಡಿದು ನಿಂತವರು 47 ಎಂದು ಬರೆಯುವುದಿಲ್ಲ, 50 ಎಂದು ಬರೆಯುತ್ತಾರೆ. ಅದೃಷ್ಟಕ್ಕೆ 1/47ಕ್ಕೂ 1/50ಕ್ಕೂ ಇರುವ ವ್ಯತ್ಯಾಸ ತೀರಾ ಅಲ್ಪ. ಐದು ಜನರಿದ್ದಲ್ಲಿ ನಾಲ್ಕು ಎಂದು ಬರೆದರೆ ಮಾತ್ರ ಏಟು ಜೋರಾಗಿ ಬೀಳುತ್ತದೆ, ಆದರೆ ಐದು ತಲೆ ಎಣಿಸುವುದರಲ್ಲಿ ತಪ್ಪುವವರು ಕಡಿಮೆ.

ನನ್ನ ದೃಷ್ಟಿಯಲ್ಲಿ ಉಳಿದಿರುವ ನಿಜವಾದ ತೊಡಕು ಬೇರೆ. ಸಂಭವ ಎಷ್ಟೇ ಸಣ್ಣದಿದ್ದರೂ ತೂಕದಿಂದ ಸರಿದೂಗಿಸಬಹುದು. ಸೊನ್ನೆಯಾದರೆ ಯಾವ ತೂಕಕ್ಕೂ ಅದು ಸಾಧ್ಯವಿಲ್ಲ. ವರದಿಗಾರರೆಲ್ಲ ಕಚೇರಿ, ಕಾಲೇಜಿನ ಹೊತ್ತಿನವರಾದ್ದರಿಂದ ರಾತ್ರಿಯ ಕೊನೆಯ ಟ್ರಿಪ್‌ಗಳು ಈ ಮಾದರಿಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಆ ಟ್ರಿಪ್‌ಗಳನ್ನು ಪ್ರತ್ಯೇಕ ವರ್ಗವಾಗಿಟ್ಟು, ಕೂಳೂರು ಸ್ಟಾಪಿನಲ್ಲಿ ನಾನೇ ನಿಂತು ಬರುವ ಪ್ರತಿ ಬಸ್ಸನ್ನೂ, ಖಾಲಿ ಬಂದುದನ್ನೂ ಸೇರಿಸಿ, ಎಣಿಸಲಿದ್ದೇನೆ. ಅಲ್ಲಿ ಆಯ್ಕೆಯ ಘಟಕ ಬಸ್ಸೇ ಆಗುವುದರಿಂದ ವಿಲೋಮದ ತೂಕ ಬೇಡ. ಹಗಲು ರಾತ್ರಿಯ ಟ್ರಿಪ್‌ಗಳ ಅನುಪಾತ ಸಿಕ್ಕ ಮೇಲೆ ಎರಡು ಸರಾಸರಿಗಳನ್ನೂ ಜೋಡಿಸುತ್ತೇನೆ.