ಅವಳು ವಾಪಸ್ ಬೆಳ್ಳಗೆ ಆಗಲ್ವಾ ಅತ್ತೆ?

ಶನಿವಾರದಿಂದ ಈ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಕೇಳಿದ್ದು ಅಣ್ಣನ ಮಗಳು, ಏಳು ವರ್ಷದವಳು. ನನ್ನ ತೊಡೆ ಮೇಲೆ ಕಾಲು ಚಾಚಿಕೊಂಡು 'ಶ್ರೆಕ್' ನೋಡುತ್ತಿದ್ದಳು. 2001ರ ಕಾರ್ಟೂನ್ ಸಿನಿಮಾ, ಶ್ರೆಕ್ ಅನ್ನೋ ಹಸಿರು ರಾಕ್ಷಸ ಮತ್ತು ಅವನ ಜೊತೆಗಾರ ಕತ್ತೆಯ ಕಥೆ. ಕತ್ತೆ ತನ್ನ ಪ್ರಾಣ ಉಳಿಸಿಕೊಳ್ಳಲು ಡ್ರ್ಯಾಗನ್ನಿನ ಹಲ್ಲು ಹೊಗಳುತ್ತದಲ್ಲ, ಅದು ನೋಡಿದರೆ ಹೆಣ್ಣು ಡ್ರ್ಯಾಗನ್, ಕತ್ತೆಗೇ ಮನಸೋಲುತ್ತದೆ. ಅಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ರಾಜಕುಮಾರಿಗೊಂದು ಶಾಪ: ಹಗಲು ಬೆಳ್ಳಗಿನ ಚೆಲುವೆ, ರಾತ್ರಿ ಹಸಿರು ರಾಕ್ಷಸಿ; ನಿಜವಾದ ಪ್ರೀತಿಯ ಮುತ್ತು ಸಿಕ್ಕರೆ ಶಾಪ ಕಳೆಯುತ್ತದೆ. ಕೊನೆಗೆ ಶ್ರೆಕ್ ಮುತ್ತು ಕೊಟ್ಟಾಯಿತು. ರಾಜಕುಮಾರಿ ಫಿಯೋನಾ ಬೆಳಕಿನಲ್ಲಿ ಮೇಲೆದ್ದಳು, ಕಿಟಕಿ ಗಾಜೆಲ್ಲ ಪುಡಿಪುಡಿ. ಕೆಳಗಿಳಿದಾಗ ಹಸಿರು ಮುಖ, ದಪ್ಪ ಮೂಗು, ಹಾಗೇ ಇದ್ದಳು. ಪುಟ್ಟಿ ಎದ್ದು ಕೂತಳು. "ಅತ್ತೆ, ಅವಳು ವಾಪಸ್ ಬೆಳ್ಳಗೆ ಆಗಲ್ವಾ?"

ಚೆಂದ ಅನ್ನಲಿಲ್ಲ ನೋಡಿ. ಬೆಳ್ಳಗೆ ಅಂದಳು.

ಅವಳು ಕಾಯುತ್ತಿದ್ದುದರಲ್ಲಿ ತಪ್ಪಿಲ್ಲ. ನಾವು ಹೇಳುವ ಕಥೆಗಳಲ್ಲೆಲ್ಲ ಹಾಗೇ ಅಲ್ವಾ? ಕಪ್ಪೆ ರಾಜಕುಮಾರನಾಗುತ್ತದೆ. ಸುಂದರಿಯನ್ನು ಪ್ರೀತಿಸಿದ ಮೃಗವೂ ಕೊನೆಗೆ ಚೆಲುವನಾಗುತ್ತದೆ. 1740ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾದ ಕಥೆ ಅದು. ಪ್ರೀತಿ ಅಂದರೆ ರೂಪ ತಿದ್ದುವ ಔಷಧಿ ಅನ್ನೋ ಹಾಗೆ. ಈ ಸಿನಿಮಾಕ್ಕೆ ಮೂಲವಾದ ವಿಲಿಯಂ ಸ್ಟೈಗ್ ಅವರ 1990ರ ಮಕ್ಕಳ ಪುಸ್ತಕದಲ್ಲಂತೂ ಶಾಪವೂ ಇಲ್ಲ, ಏನೂ ಇಲ್ಲ. ರಾಜಕುಮಾರಿ ಮೊದಲಿನಿಂದಲೂ ಕುರೂಪಿ. ಶ್ರೆಕ್‌ಗೆ ಅವಳೇ ಬೇಕು.

ಸಿನಿಮಾದಲ್ಲಿ ಫಿಯೋನಾಳನ್ನು ಮದುವೆಯಾಗಲು ಹೊರಟ ಆ ಪ್ರಭು ಫಾರ್ಕ್ವಾಡ್‌ನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕನ್ನಡಿ ಮುಂದೆ ಕೂತು ಮೂವರು ರಾಜಕುಮಾರಿಯರಲ್ಲಿ ಒಬ್ಬಳನ್ನು ಆರಿಸುತ್ತಾನೆ, ನಮ್ಮ ಮ್ಯಾಟ್ರಿಮೊನಿ ಆ್ಯಪ್ ಥರ. ಅವನಿಗೆ ಬೇಕಿದ್ದದ್ದು ರಾಜ ಅನ್ನೋ ಪಟ್ಟ. ಅವಳನ್ನು ಕರೆತರುವ ಕೆಲಸ ಬೇರೆಯವರಿಗೆ. ಮದುವೆ ಮಂಟಪದಲ್ಲೇ ಅವಳ ಹಸಿರು ಮುಖ ಕಂಡ ತಕ್ಷಣ ಅಸಹ್ಯ ಪಡುತ್ತಾನೆ.

ಅಂಥವರ ಮುಂದೆ ನಾನೂ ಕೂತಿದ್ದೆ. ಇಪ್ಪತ್ನಾಲ್ಕು ವರ್ಷ ನನಗೆ ಆಗ. ಉಪ್ಪಿಟ್ಟು, ಕೇಸರಿಬಾತ್ ತಿಂದಾದ ಮೇಲೆ ಹುಡುಗನ ಅಮ್ಮ ಹೇಳಿದ್ದು, "ಫೋಟೋದಲ್ಲಿ ಬೆಳ್ಳಗೆ ಕಾಣ್ತಿದ್ಲು." ನನ್ನ ಹತ್ತಿರ ಹೇಳಲಿಲ್ಲ, ನನ್ನೆದುರೇ ನಮ್ಮಮ್ಮನಿಗೆ ಹೇಳಿದರು. ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಒಂದು ಮಾತೂ ಆಡಲಿಲ್ಲ. ಅದೇ ಅಮ್ಮ ಈಗ ಭಾನುವಾರ ಬಂದರೆ ಸಾಕು, ಮೊಮ್ಮಗಳನ್ನು ಬಚ್ಚಲಲ್ಲಿ ನಿಲ್ಲಿಸಿ ಕಡಲೆಹಿಟ್ಟು, ಹಾಲಿನ ಕೆನೆ ತಿಕ್ಕುತ್ತಾರೆ. "ಸ್ವಲ್ಪ ತಿಳಿ ಆಗಲಿ, ಪಾಪ" ಅಂತಾರೆ. ಅಮ್ಮ ಕೆಟ್ಟವರಲ್ಲ. ಅವತ್ತಿನ ಮಾತು ಅವರಿಗೆ ನನಗಿಂತ ಜಾಸ್ತಿ ಚುಚ್ಚಿರಬೇಕು. ಮೊಮ್ಮಗಳು ಅದನ್ನು ಕೇಳಿಸಿಕೊಳ್ಳಬಾರದು ಅಂತ ತಿಕ್ಕುತ್ತಾರೆ. ಆದರೆ ಆ ಮಗು ಕೇಳಿಸಿಕೊಂಡಾಗಿದೆ, ಅದೂ ಬಚ್ಚಲಲ್ಲೇ. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಭಾನುವಾರಕ್ಕೆ ಮುಂಚೆ ಹೇಳಲೇಬೇಕು.

ಶನಿವಾರ ನಾನು ತಕ್ಷಣ ಉತ್ತರ ಕೊಡಲಿಲ್ಲ. ಮಲಗುವಾಗ ಅವಳೇ ಮತ್ತೆ ಕೇಳಿದಳು.

"ನಿಜವಾಗ್ಲೂ ಆಗಲ್ವಾ?"

"ಇಲ್ಲ ಪುಟ್ಟಿ. ಅವಳು ಇರೋದೇ ಹಾಗೆ."

"ಶ್ರೆಕ್‌ಗೆ ಬೇಜಾರಾಗಲಿಲ್ವಾ?"

"ನೀನೇ ನೋಡಿದ್ಯಲ್ಲ. ಆದ ಹಾಗೆ ಕಾಣ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೊದಿಕೆ ಎಳೆದುಕೊಂಡು, "ನಾಳೆ ಮತ್ತೆ ಹಾಕು. ಡ್ರ್ಯಾಗನ್ ಬರುತ್ತಲ್ಲ, ಅಲ್ಲಿಂದ" ಅಂದಳು.