ಪುದೀನ ಲೋಟಕ್ಕೆ, ರೋಸ್‌ಮೇರಿ ಓವನ್‌ಗೆ

ಪುದೀನ ಬೆಳೆಸಿದವರಿಗೆಲ್ಲ ಒಂದಲ್ಲ ಒಂದು ದಿನ ಬರುವ ಪ್ರಶ್ನೆ: ಇಷ್ಟೊಂದನ್ನು ಏನು ಮಾಡೋದು? ಎರಡು ಕಡ್ಡಿ ಊರಿದರೆ ಸಾಕು, ಕುಂಡದ ತುಂಬ ಹಬ್ಬಿ ಬೇರೆ ಗಿಡಗಳನ್ನು ಒತ್ತರಿಸಿಬಿಡುತ್ತದೆ. ಅದಕ್ಕೇ ನಮ್ಮನೆ ಬಾಲ್ಕನಿಯಲ್ಲಿ ಅದರ ಕುಂಡವೇ ಬೇರೆ. ಪಕ್ಕದಲ್ಲಿ ಬೇಸಿಲ್, ಥೈಮ್, ನಿಂಬೆಹುಲ್ಲು, ಮತ್ತೆ ನೀರು ಚೂರು ಜಾಸ್ತಿಯಾದರೂ ಮುನಿಸಿಕೊಳ್ಳುವ ರೋಸ್‌ಮೇರಿ.

ನಾನು ಇವನ್ನು ಎರಡು ಗುಂಪು ಮಾಡಿಕೊಂಡಿದ್ದೇನೆ. ಪುದೀನ, ಬೇಸಿಲ್‌ನಂಥ ಮೆತ್ತನೆ ಎಲೆಗಳ ಘಮ ಬಿಸಿಗೆ ಹಾರಿಹೋಗುತ್ತದೆ, ಹಾಗಾಗಿ ಅವು ಲೋಟಕ್ಕೆ. ಕಡ್ಡಿ ಗಟ್ಟಿಯಿರುವ ರೋಸ್‌ಮೇರಿ, ಥೈಮ್ ಓವನ್ನಿನ ಬಿಸಿ ತಡೆದುಕೊಳ್ಳುತ್ತವೆ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ.

ಪುದೀನ ಎಲೆಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಿ. ಪುಟ್ಟ ಪುಟ್ಟ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಘಮದ ಎಣ್ಣೆ ಇರುವುದು ಅಲ್ಲೇ, ಎಲೆಯ ಮೈಮೇಲೆ. ಹಾಗಿರುವಾಗ ಕುಟ್ಟಾಣಿಯಲ್ಲಿ ಹಾಕಿ ಪೇಸ್ಟ್ ಮಾಡೋದು ಯಾಕೆ? ಜಜ್ಜಿದಷ್ಟೂ ಕಹಿ, ಒಗರು ಬಿಡುತ್ತದೆ. ಎರಡು ಅಂಗೈ ನಡುವೆ ಎಲೆ ಇಟ್ಟು ಒಂದು ಚಪ್ಪಾಳೆ ತಟ್ಟಿ ಲೋಟಕ್ಕೆ ಹಾಕಿ, ಸಾಕು. ನಿಂಬೆಹುಲ್ಲಿನದು ಮಾತ್ರ ಉಲ್ಟಾ. ಅದರ ಬುಡದ ಬಿಳಿ ಭಾಗವನ್ನು ಲಟ್ಟಣಿಗೆಯಲ್ಲಿ ಚೆನ್ನಾಗಿ ಜಜ್ಜಬೇಕು. ಎಲೆಯಷ್ಟೇ ಹಾಕಿದರೆ ಪರಿಮಳ ತೆಳು.

ನಮ್ಮ ಫ್ರಿಜ್‌ನಲ್ಲಿ ಯಾವಾಗಲೂ ಇರುವುದು ಎಲೆಯ ಸಕ್ಕರೆ ಪಾಕ. ಒಂದು ಕಪ್ ಸಕ್ಕರೆ, ಒಂದು ಕಪ್ ನೀರು. ಸಕ್ಕರೆ ಕರಗಿದ ಕೂಡಲೇ ಒಲೆ ಆರಿಸಿ, ಒಂದು ಹಿಡಿ ಎಲೆ ಹಾಕಿ ಮುಚ್ಚಿಡಿ. ಎಲೆ ಹಾಕಿದ ಮೇಲೆ ಕುದಿಸಬೇಡಿ, ಬೆಂದ ಸೊಪ್ಪಿನ ವಾಸನೆ ಬಂದುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಸೋಸಿ. ಸೋಡಾ, ನಿಂಬೆರಸದ ಜೊತೆ, ಹಾಲು ಹಾಕದ ತಣ್ಣನೆ ಚಹಾದ ಜೊತೆ ಚೆನ್ನಾಗಿರುತ್ತದೆ. ಕೇಕ್ ಓವನ್ನಿಂದ ತೆಗೆದ ತಕ್ಷಣ, ಬಿಸಿ ಇರುವಾಗಲೇ ಮೇಲೆ ಸವರಿದರೆ ಇನ್ನೂ ಮಜಾ. ಮೆತ್ತನೆ ಎಲೆಗೂ ಕೇಕ್ ಒಳಗೆ ದಾರಿ ಸಿಗುವುದು ಹೀಗೆ.

ಪಾಕ ಹಸಿರಾಗಿಯೇ ಇರಬೇಕು ಅಂದರೆ ಬೇಸಿಲ್ ಎಲೆಯನ್ನು ಕುದಿಯುವ ನೀರಿನಲ್ಲಿ 10-15 ಸೆಕೆಂಡ್ ಅದ್ದಿ, ಐಸ್ ನೀರಿಗೆ ಹಾಕಿ, ಹಿಂಡಿ, ತಣ್ಣನೆ ಪಾಕದ ಜೊತೆ ರುಬ್ಬಿ ಸೋಸಿ. ಎಲೆಯನ್ನು ಕಪ್ಪಾಗಿಸುವ ಕಿಣ್ವ ಆ ಬಿಸಿಗೆ ಕೆಲಸ ನಿಲ್ಲಿಸುತ್ತದೆ. ಐಸ್ ತುಂಡಿನೊಳಗೆ ಇಡೀ ಎಲೆ ಇಡುವವರಿದ್ದಾರೆ. ಫೋಟೋಗೆ ಸರಿ. ಐಸ್ ಕರಗಿದ ಮೇಲೆ ಬಾಡಿದ ಎಲೆ ತುಟಿಗೆ ಅಂಟುತ್ತದೆ, ಅಷ್ಟೇ. ಅದರ ಬದಲು ಪಾಕವನ್ನೇ ಐಸ್ ಟ್ರೇಯಲ್ಲಿಡಿ.

ಇನ್ನು ಬೇಕಿಂಗ್. ರೋಸ್‌ಮೇರಿ ಬಿಸ್ಕತ್ತಿಗೆ 50 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ, 150 ಗ್ರಾಂ ಮೈದಾ, ಚಿಟಿಕೆ ಉಪ್ಪು. ಕಡ್ಡಿಯ ತುದಿ ಹಿಡಿದು ಕೆಳಮುಖವಾಗಿ ಬೆರಳು ಎಳೆದರೆ ಎಲೆಗಳೆಲ್ಲ ಸರ್ರನೆ ಬಿಡುತ್ತವೆ. ತುಂಬಾ ಸಣ್ಣಗೆ ಹೆಚ್ಚಿ, ಇಲ್ಲದಿದ್ದರೆ ಹಲ್ಲಿಗೆ ಸೂಜಿ ಸಿಕ್ಕ ಹಾಗಾಗುತ್ತದೆ. ಇಷ್ಟು ಹಿಟ್ಟಿಗೆ ಒಂದು ಟೀ ಚಮಚ ಧಾರಾಳ. ಮೊದಲು ಸಕ್ಕರೆ ಜೊತೆ ಸೇರಿಸಿ ಬೆರಳಲ್ಲಿ ತಿಕ್ಕಿ. ಸಕ್ಕರೆ ಸ್ವಲ್ಪ ಒದ್ದೆಯಾಗಿ, ಮೂಗಿಗೆ ಘಮ ಹೊಡೆದಾಗ ಬೆಣ್ಣೆ ಸೇರಿಸಿ. ಘಮದ ಎಣ್ಣೆ ನೀರಿಗಿಂತ ಬೆಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಬಿಸ್ಕತ್ತಿನ ಪ್ರತಿ ತುಣುಕಿಗೂ ಹರಡುತ್ತದೆ. ಮೈದಾ ಹಾಕಿ, ಜಾಸ್ತಿ ನಾದದೆ ಉರುಳೆ ಮಾಡಿ ಫ್ರಿಜ್‌ನಲ್ಲಿಟ್ಟು, ಬಿಲ್ಲೆ ಕತ್ತರಿಸಿ, 160 ಡಿಗ್ರಿಯಲ್ಲಿ ಅಂಚು ಹೊಂಬಣ್ಣ ಬರುವವರೆಗೆ ಬೇಯಿಸಿ.

ನಿಂಬೆ ಕೇಕಿಗೆ ಥೈಮ್ ಇದೇ ಥರ, ನಿಂಬೆ ಸಿಪ್ಪೆಯ ತುರಿ ಜೊತೆ ಸಕ್ಕರೆಗೆ ತಿಕ್ಕಿ. ಒಣಗಿದ ಎಲೆಯಾದರೆ ಹಸಿಯದರ ಮೂರರಲ್ಲಿ ಒಂದು ಪಾಲು ಸಾಕು. ಲ್ಯಾವೆಂಡರ್ ಹೂವಿನ ತಂಟೆಗೆ ನಾನು ಹೋಗುವುದೇ ಕಮ್ಮಿ. ಚೂರು ಹೆಚ್ಚಾದರೂ ಬಾಯೆಲ್ಲ ಸೋಪು ಸೋಪು.

ಚಿವುಟುವಾಗ ಎಲೆ ಜೋಡಿಯ ಸ್ವಲ್ಪ ಮೇಲಕ್ಕೆ ಚಿವುಟಿ, ಅಲ್ಲಿಂದ ಎರಡು ಚಿಗುರು ಬರುತ್ತವೆ. ಬೇಸಿಲ್ ಹೂ ಬಿಡುವ ಮುಂಚೆಯೇ ತುದಿ ತೆಗೀತಾ ಇರಿ. ಎಲೆ ಬಿಡಿಸಿದ ರೋಸ್‌ಮೇರಿ ಕಡ್ಡಿ ಎಸೆಯಬೇಡಿ, ನಿಂಬೆ ಸೋಡಾ ಕಲಕೋದಕ್ಕೆ ಆಗುತ್ತದೆ.